ಯಾರೂ ಕೇಳಬಾರದು

ನಮ್ಮ ಬೀದಿಯ ಕೈ ಈ ಸಲ ನಾನೇ ಎಂದು ಚೀಟಿ ಎದ್ದ ದಿನ ಅಕ್ಕ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಭಾವ ಮಾತ್ರ ಮಂಚದಲ್ಲಿ ಮಲಗಿದ್ದಲ್ಲೇ ನಕ್ಕರು. ಆಗಿನ್ನೂ ಅವರಿಗೆ ಮಾತು ಬರುತ್ತಿತ್ತು, ಸ್ವಲ್ಪ ತೊದಲಾಗಿತ್ತು ಅಷ್ಟೆ. “ಹಾಲಿಗೆ ನೀರು ಬೆರೆಸಿದಾರಾ ಅಂತ ನೋಡೋನ ಕೈಗೆ ನನ್ ಹಣೆಬರಹ ಬಂತಲ್ಲೋ ಪರಮೇಶಿ,” ಎಂದರು. ನಾನು ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ನಾನೂ ನಕ್ಕೆ.

ನಮ್ಮೂರಿನಲ್ಲಿ ದೊಡ್ಡ ವಿಷಯ ತೀರ್ಮಾನವಾಗಬೇಕಾದರೆ ಬೀದಿಗೊಬ್ಬರಂತೆ ಪಂಚಾಯಿತಿಗೆ ಹೋಗಿ ಕೈ ಎತ್ತುತ್ತಾರೆ. ಹಾಗೆ ಹೋಗುವವನೇ ಬೀದಿಯ ಕೈ. ಕೈ ಎತ್ತುವ ಮೊದಲು ಅವನು ತನ್ನ ಬೀದಿಯ ಪ್ರತಿ ಮನೆಯಲ್ಲೂ ಒಂದು ಹೊತ್ತು ಉಣ್ಣಬೇಕು. ಉಣ್ಣುವಾಗ ಮನೆಯವರು ಹೇಳಿದ್ದನ್ನು ಕೇಳಬೇಕು, ಎದುರು ಮಾತಾಡುವಂತಿಲ್ಲ. ಬಾಯಲ್ಲಿ ಅನ್ನ ಇರುವವನು ವಾದ ಮಾಡಲಾರ ಎಂದು ಯಾರೋ ಯೋಚಿಸಿ ಮಾಡಿದ ಪದ್ಧತಿ ಇರಬೇಕು. ಇಷ್ಟೆಲ್ಲ ಉಂಡವನಿಗೆ ಒಂದು ಹಕ್ಕೂ ಇದೆ. ತೀರ್ಮಾನಕ್ಕೆ ತನ್ನದೊಂದು ಸಾಲು ಸೇರಿಸಿ ಎಂದು ಕೇಳಬಹುದು. ಉಳಿದ ಬೀದಿಗಳು ಒಪ್ಪಿದರೆ ಆ ಸಾಲೂ ಕಾನೂನು. ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗಳಿದ್ದವು.

ಈ ಸಲದ ವಿಷಯ ಹೊರುವುದು. ಊರಿನ ಸುತ್ತ ಇರುವ ಕಲ್ಲುಸಾಲಿನ ಒಳಗೆ ಯಾರೂ ಸಾಯುವುದಿಲ್ಲ. ಗಟ್ಟಿಮುಟ್ಟಾಗಿರುವವರು ದಿನಾ ಕಲ್ಲು ದಾಟಿ ಸಂತೆಗೆ, ಕಾಲೇಜಿಗೆ ಹೋಗಿ ಬರುತ್ತಾರೆ, ಅವರಿಗೇನೂ ಆಗುವುದಿಲ್ಲ. ಆಯಸ್ಸು ಮುಗಿಯಿತು ಎನ್ನಿಸಿದವರು ಒಂದು ಬೆಳಿಗ್ಗೆ ಸ್ನಾನ ಮಾಡಿ, ಮನೆಯವರಿಗೆ ಹೇಳಿ, ನಡೆದುಕೊಂಡು ಕಲ್ಲು ದಾಟುತ್ತಾರೆ. ನಾಲ್ಕು ಹೆಜ್ಜೆ, ಕೆಲವರಿಗೆ ಹತ್ತು. ಆಚೆ ಚಾಪೆ ಹಾಸಿರುತ್ತದೆ. ಅವರೇ ನಡೆಯಬೇಕು. ಯಾರೂ ಹೊರಬಾರದು, ತೋಳು ಹಿಡಿಯಬಾರದು. ಕಾಲು ಬಿದ್ದುಹೋದವರು ಒಳಗೇ ಉಳಿಯುತ್ತಾರೆ, ನೋವಿದ್ದರೆ ನೋವಿನ ಜೊತೆಗೆ. ಮೇಲಿನ ಕೇರಿಯ ಮರಿಸ್ವಾಮಿ ತನ್ನ ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ದಾಟಿಸಿದ. ಅವನನ್ನು ಮತ್ತೆ ಕಲ್ಲಿನೊಳಕ್ಕೆ ಬಿಡಲಿಲ್ಲ. ಕಲ್ಲಿನಿಂದ ಮೂರು ಮಾರು ಆಚೆ ಟೀ ಅಂಗಡಿ ಇಟ್ಟುಕೊಂಡಿದ್ದಾನೆ. ಅಲ್ಲಿಂದ ಅವನ ಮನೆಯ ಹೆಂಚು ಕಾಣುತ್ತದೆ. ಅವನನ್ನು ಹೊರಗೆ ಹಾಕಿದವರೇ ದಿನಾ ಅಲ್ಲಿ ಟೀ ಕುಡಿಯುತ್ತಾರೆ.

ಹೊರುವುದಕ್ಕೆ ಅನುಮತಿ ಕೊಡಬೇಕೇ ಬೇಡವೇ ಎಂಬುದು ಇಪ್ಪತ್ತು ವರ್ಷದ ಜಗಳ. ಈಗ ಪಂಚಾಯಿತಿಯ ಮುಂದೆ ಬಂದದ್ದು ಭಾವ ಬರೆಸಿದ ಅರ್ಜಿಯಿಂದ. ಭಾವನ ಹೆಸರು ಚನ್ನಿಗಪ್ಪ. ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ನಲವತ್ತನಾಲ್ಕನೇ ವಯಸ್ಸಿಗೆ ಅದೇ ಸ್ಕ್ರೂಡ್ರೈವರ್ ಕೈಯಿಂದ ಜಾರತೊಡಗಿತು. ಮೊದಲು ಬೆರಳು, ಆಮೇಲೆ ತೋಳು, ಒಂದು ವರ್ಷದಲ್ಲಿ ಕಾಲು. ಕಾಲಿನ ಸೆಳೆತಕ್ಕೆ ಹಗಲೆಲ್ಲ ಹಲ್ಲು ಕಚ್ಚಿಕೊಂಡಿರುತ್ತಿದ್ದರು. ಹೊರಗಿನ ಊರಿನ ಡಾಕ್ಟರು ಇದು ವಾಸಿಯಾಗುವ ಕಾಯಿಲೆ ಅಲ್ಲ, ನಾಲಿಗೆಯೂ ಹೋಗುತ್ತದೆ, ಎಲ್ಲ ಹೋದ ಮೇಲೂ ಬುದ್ಧಿ ಮಾತ್ರ ಹಾಗೇ ಇರುತ್ತದೆ ಎಂದು ಹೇಳಿಕಳಿಸಿದರು. ಬೇರೆ ಊರಿನವರಾದರೆ ಇನ್ನೆರಡು ವರ್ಷ ಎನ್ನುತ್ತಿದ್ದರೇನೋ. ನಮ್ಮೂರಿನವರು ಎಂದು ಗೊತ್ತಾದ ಮೇಲೆ ಸುಮ್ಮನಾದರು.

ನಡೆಯುವ ಹಾಗಿದ್ದಾಗಲೇ ಯಾಕೆ ದಾಟಲಿಲ್ಲ ಎಂದು ಒಮ್ಮೆ ಯಾರೋ ಅವರನ್ನು ಮುಖಕ್ಕೇ ಕೇಳಿದ್ದರು. “ನಡೀತಾ ಇದ್ದೆ, ಸ್ಕೂಟರ್ ಓಡಿಸ್ತಿದ್ದೆ, ಬಾಡೂಟಕ್ಕೆ ಹೋಗ್ತಿದ್ದೆ. ಆಗ ಯಾಕ್ರೀ ಸಾಯ್ಲಿ?” ಎಂದಿದ್ದರು ಭಾವ. “ನಿಮ್ ಕಾನೂನು ಹೇಳೋದೇನು ಅಂದ್ರೆ, ಚೆನ್ನಾಗಿದ್ದಾಗ್ಲೇ ಹೋಗ್ಬಿಡು, ಆಮೇಲೆ ಕಷ್ಟ ಅಂತ.”

ನನಗೆ ಹನ್ನೆರಡು ವರ್ಷವಾದಾಗಿನಿಂದ ನನ್ನನ್ನು ಸಾಕಿದ್ದು ಅವರು. ಹಾಸ್ಟೆಲಿಗೆ ಸೇರಿಸಿದ್ದೂ ಅವರೇ. ಕೈ ಎತ್ತುತ್ತೇನೆ ಎಂದು ನಾನು ಮಾತು ಕೊಟ್ಟೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ನಮ್ಮಿಬ್ಬರಿಗೂ ಕೇಳಿಸಿತು.

ಊಟದ ಸುತ್ತು ಶುರುವಾಯಿತು. ಮೊದಲ ಮನೆಯಲ್ಲಿ ಮುದ್ದೆ, ಉಪ್ಸಾರು. ಎರಡನೆಯದರಲ್ಲಿ ಚಿತ್ರಾನ್ನ. ಮೂರನೆಯ ಮನೆ ಡ್ರಿಲ್ ಮಾಸ್ತರರದು. ಅವರು ನನ್ನ ತಟ್ಟೆಗೆ ಪಲ್ಯ ಬಡಿಸುತ್ತಲೇ ಇದ್ದರು, ನಾನು ಬಾಯಿ ತೆಗೆಯದಿರಲಿ ಎಂದು. “ಇವತ್ತು ಹೊರ್ತೀರಿ. ನಾಳೆ ದೂಡ್ತೀರಿ. ಹೊರೋ ಕೈಗೂ ದೂಡೋ ಕೈಗೂ ಎಷ್ಟು ದೂರ ಇದೆ ಹೇಳು ನೋಡೋಣ. ಹೇಳ್ಬೇಡ, ಉಣ್ಣು.” ಐದನೆಯ ಮನೆಯ ಹೊನ್ನಾಂಬಿಕೆ ಬಟ್ಟೆ ಹೊಲಿಯುತ್ತಾಳೆ. ಅವಳ ಎರಡೂ ಕಾಲು ಚಿಕ್ಕಂದಿನಿಂದ ಸೊಟ್ಟ. ಮಿಷಿನ್ನಿನ ಪಕ್ಕದಲ್ಲೇ ಎಲೆ ಹಾಕಿ, ದಾರ ಕಡಿಯುತ್ತಾ ಹೇಳಿದಳು: “ಈಗ ನನ್ನನ್ನ ನೋಡಿ ಪಾಪ ಅಂತಾರೆ. ಕಾನೂನು ಬಂದ್ಮೇಲೆ ಪಾಪ, ಇನ್ನೂ ಇದಾಳಲ್ಲ ಅಂತಾರೆ. ನಿಮ್ ಭಾವನ್ನ ಬೇಕಾದ್ರೆ ಹೊತ್ಕೊಂಡ್ ಹೋಗು. ಆದ್ರೆ ಜನ ನನ್ನ ಕಾಲನ್ನ ಬೇರೆ ಥರ ನೋಡೋ ಹಾಗೆ ಮಾಡ್ಬೇಡ.” ಏಳನೆಯ ಮನೆಯವರ ಮಗ ತಲೆಗೆ ಪೆಟ್ಟು ಬಿದ್ದು ಒಂಬತ್ತು ವರ್ಷದಿಂದ ಮಲಗಿದ್ದಾನೆ. ಆ ತಾಯಿ ಏನೂ ಹೇಳಲಿಲ್ಲ. ಬಡಿಸಿದಳು, ಎದುರಿಗೆ ಕೂತಳು. ಒಳಗಿನ ಕೋಣೆಯಿಂದ ಒಂದೇ ಸಮನೆ ನರಳುವ ಸದ್ದು ಬರುತ್ತಿತ್ತು. ಅದನ್ನು ನಾನು ಕೇಳಿಸಿಕೊಳ್ಳಲಿ ಎಂದೇ ಅವಳು ಬಾಗಿಲು ತೆರೆದಿಟ್ಟಿದ್ದಳು.

ಹತ್ತನೆಯ ಮನೆ ನಮ್ಮ ಎದುರುಮನೆ, ಗಂಗಜ್ಜಿಯದು. ಗಂಗಜ್ಜಿಯ ವಯಸ್ಸು ಗಂಗಜ್ಜಿಗೂ ಗೊತ್ತಿಲ್ಲ. ಸೊಂಟ ಮುರಿದು ಮಲಗಿ ಮೂವತ್ತು ವರ್ಷ. ನೋವಿಲ್ಲ. ಕಿಟಕಿಯ ಪಕ್ಕ ಮಂಚ, ಕೈಗೆ ಸಿಗುವ ಹಾಗೆ ರೇಡಿಯೋ, ಎಲೆ ಅಡಿಕೆ. ಬೀದಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಮೊದಲು ತಿಳಿಯುವುದು ಅವಳಿಗೆ. ಮೊಮ್ಮಗ ಶಿವಲಿಂಗುವಿಗೆ ಇಬ್ಬರು ಗಂಡುಮಕ್ಕಳು, ಇರುವುದು ಎರಡು ಕೋಣೆ. ಅವನ ಹೆಂಡತಿ ಬಡಿಸಿ ಒಳಗೆ ಹೋದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದಳು.

“ಪರಮೇಶಿ, ಆ ಕಾನೂನು ಬಂದ್ರೆ ನನ್ನನ್ನೂ ಕೇಳ್ತಾರೇನೋ?”

ಎದುರಾಡುವಂತಿಲ್ಲ. ತಲೆಯಾಡಿಸಿದೆ, ಗೊತ್ತಿಲ್ಲ ಎಂಬಂತೆ.

“ಕೇಳ್ತಾರೆ ಕಣಪ್ಪ. ಶಿವಲಿಂಗು ಒಳ್ಳೆಯವ್ನು, ಬಾಯ್ಬಿಟ್ಟು ಹೋಗು ಅನ್ನಲ್ಲ. ಅಜ್ಜಿ, ನಿಂಗೇನಾದ್ರೂ ಹೋಗ್ಬೇಕು ಅನ್ಸುತ್ತಾ ಅಂತ ಕೇಳ್ತಾನೆ. ಕಾಫಿ ಬೇಕಾ ಅಂತ ಕೇಳ್ದಂಗೆ. ಕೇಳಿದ್ರೆ ನಾನು ಹೂಂ ಅಂದ್ಬಿಡ್ತೀನಿ. ಅದೇ ನನ್ ಭಯ. ಮದ್ವೆ ಅಂದ್ರು, ಹೂಂ ಅಂದೆ. ಗದ್ದೆ ಮಾರ್ತೀವಿ ಅಂದ್ರು, ಹೂಂ ಅಂದೆ. ಬೇಡ ಅನ್ನೋದು ನಂಗೆ ಬರೋದೇ ಇಲ್ಲ.” ಅವಳು ನನ್ನ ಮಣಿಕಟ್ಟು ಹಿಡಿದಳು. “ನನ್ನನ್ನ ಕೇಳ್ಬೇಡಿ ಅಂತ ಬರೆಸಕ್ಕಾಗುತ್ತಾ? ಬೇಕಾದ್ರೆ ನಾನೇ ಹೇಳ್ತೀನಿ. ಬೇಕಾಗಲ್ಲ. ಈ ಪ್ರಪಂಚ ನಂಗಿನ್ನೂ ಸಾಕಾಗಿಲ್ಲ.”

ಹನ್ನೊಂದನೆಯದು ನಮ್ಮದೇ ಮನೆ. ಅಕ್ಕ ಎಲೆ ಹಾಕಿ ನೀರಿಟ್ಟಳು. ನನ್ನ ಅಕ್ಕ ಜಯಶೀಲ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ, ಇಡೀ ದಿನ ಮಕ್ಕಳ ಜೊತೆ ಮಾತಾಡಿ ಮನೆಗೆ ಬಂದರೆ ಮಾತು ಕಡಿಮೆ. ಅವತ್ತು ಒಂದೇ ಮಾತು ಹೇಳಿದಳು. “ಅವರಿಗೆ ನೋವಾದ್ರೆ ನಾನು ಕಾಲು ಒತ್ತುತೀನಿ. ಒತ್ತಿದಾಗ ಸ್ವಲ್ಪ ಕಮ್ಮಿ ಆಗುತ್ತೆ. ಆ ಸ್ವಲ್ಪ ನಿಮ್ ಯಾರ ಲೆಕ್ಕಕ್ಕೂ ಇಲ್ಲ.” ಭಾವ ಗೋಡೆಯ ಕಡೆ ನೋಡುತ್ತಿದ್ದರು.

ಮಾರನೆಯ ದಿನ ಪಂಚಾಯಿತಿಯಲ್ಲಿ ನಾನು ಕೈ ಎತ್ತಿದೆ. ಎರಡು ಕೈ ಹೆಚ್ಚಾಗಿ ಹೊರುವ ಕಾನೂನು ಪಾಸಾಯಿತು. ಹೋಗಬೇಕೆನ್ನುವವರು ತಮ್ಮ ಬಾಯಿಂದ ಗುಮಾಸ್ತನ ಮುಂದೆ ಪೂರ್ತಿ ಮಾತಿನಲ್ಲಿ ಹೇಳಬೇಕು, ಬೇರೆ ಬೇರೆ ವಾರಗಳಲ್ಲಿ ಮೂರು ಸಲ. ಆಮೇಲೆ ಯಾರು ಬೇಕಾದರೂ ಹೊರಬಹುದು. ನನ್ನ ಸಾಲನ್ನು ನಾನು ಎದ್ದು ನಿಂತು ಓದಿದೆ. ಮಲಗಿರುವವರನ್ನು ಹೋಗುತ್ತೀರಾ ಎಂದು ಯಾರೂ ಕೇಳಬಾರದು. ಯಾರಾದರೂ ಕೇಳಿದರೆ ಆ ಮಲಗಿರುವವರನ್ನು ಒಂದು ವರ್ಷ ಹೊರುವಂತಿಲ್ಲ. ಕೇಳಿದವರಿಗೆ ಏನೂ ಸಿಗದ ಹಾಗಿರಬೇಕು, ಆಗ ಕೇಳುವುದಿಲ್ಲ ಎಂಬುದು ನನ್ನ ತರ್ಕ. ಎಲ್ಲ ಬೀದಿಗಳೂ ಒಪ್ಪಿದವು. ಬೇಡ ಎಂದು ಕೈ ಇಳಿಸಿದ್ದವರೂ ಇದಕ್ಕೆ ಕೈ ಎತ್ತಿದರು. ಅಧ್ಯಕ್ಷರು ಬೆನ್ನು ತಟ್ಟಿದರು. ನಾನು ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದು ಭಾವನಿಗೂ ಅಕ್ಕನಿಗೂ ಪೂರ್ತಿ ಓದಿ ಹೇಳಿದೆ. ಭಾವ ಕೇಳಿಸಿಕೊಂಡು, ಒಂದೊಂದೇ ಅಕ್ಷರ ಎಳೆದು, “ಯಾ...ವಾಗಿಂದ?” ಎಂದರು. ಎರಡು ತಿಂಗಳ ನಂತರ ಜಾರಿ ಎಂದೆ. “ಬೇಗ ಮಾಡ್ಸೋ. ನನ್ ನಾಲ್ಗೆ ನಿಮ್ ಪಂಚಾಯ್ತಿಗೆ ಕಾಯಲ್ಲ.” ಅದು ತಮಾಷೆ ಎಂದುಕೊಂಡೆ. ಹಾಲಿನಲ್ಲಿ ಒಂದು ಲೋಟ ನೀರು ಬಿದ್ದರೂ ಹಿಡಿಯುವವನಿಗೆ ಇದು ಹೊಳೆಯಲಿಲ್ಲ.

ಎರಡು ತಿಂಗಳಲ್ಲಿ ಮಾತು ಹೋಯಿತು. ಮೊದಲು ಉದ್ದದ ಪದಗಳು, ಆಮೇಲೆ ನನ್ನ ಹೆಸರು. ನುಂಗುವುದೂ ಕಷ್ಟವಾಗಿ ಅಕ್ಕ ತೆಳ್ಳಗೆ ಗಂಜಿ ಮಾಡಿ ಚಮಚದಲ್ಲಿ ಕುಡಿಸತೊಡಗಿದಳು. ಎದುರುಮನೆಯಲ್ಲಿ ಗಂಗಜ್ಜಿ ರೇಡಿಯೋ ಜೋರಾಗಿ ಹಾಕಿಕೊಂಡು ಮಲಗುತ್ತಿದ್ದಳು. ಒಂದು ದಿನ ಕಿಟಕಿಯಿಂದಲೇ ಕೂಗಿ ಹೇಳಿದಳು, “ಶಿವಲಿಂಗು ನನ್ ಹತ್ರ ಹವಾಮಾನ ಕೇಳಕ್ಕೂ ಹೆದರ್ತಾನೆ ಕಣೋ. ನಿನ್ ಹೊಟ್ಟೆ ತಣ್ಣಗಿರ್ಲಿ.”

ಕಾನೂನು ಜಾರಿಯಾದ ವಾರದಿಂದ ಗುಮಾಸ್ತ ವೃಷಭೇಂದ್ರಯ್ಯ ಮಲಗಿರುವವರ ಮನೆಗಳಿಗೆ ಬರತೊಡಗಿದರು. ಅವರ ಕೆಲಸ ಬಂದು ಕೂರುವುದು. ಕೇಳುವಂತಿಲ್ಲವಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಪುಸ್ತಕ ತೆರೆದು, ಪೆನ್ನು ಹಿಡಿದು ಕಾಲು ಗಂಟೆ ಸುಮ್ಮನೆ ಕೂರುತ್ತಾರೆ. ಮನೆಯವರೂ ಸುಮ್ಮನಿರಬೇಕು. ಕೆಮ್ಮಿದರೂ ಅದು ಸೂಚನೆಯಾದೀತೇನೋ ಎಂದು ಜನ ಕೆಮ್ಮು ತಡೆದುಕೊಳ್ಳುತ್ತಿದ್ದರು. ನಮ್ಮ ಮನೆಗೆ ಬಂದ ದಿನ ಗೋಡೆ ಗಡಿಯಾರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಭಾವನ ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆದು, “ಓ... ಓ...” ಎಂದರು. ಗಲ್ಲದ ಮೇಲೆ ಜೊಲ್ಲು ಹರಿಯಿತು. ಮತ್ತೆ “ಓ” ಎಂದರು.

“ಅವರು ಹೇಳ್ತಿರೋದು—” ಎಂದು ನಾನು ಬಾಯಿ ಹಾಕಿದೆ.

“ಪರಮೇಶಿ, ದಯವಿಟ್ಟು,” ಎಂದರು ಗುಮಾಸ್ತರು. ಅವರ ಮುಖ ಬಿಳಿಚಿಕೊಂಡಿತ್ತು. “ಪೂರ್ತಿ ಮಾತು ಬರ್ಬೇಕು. ಇನ್ನೊಂದ್ಸಲ ಹೇಳಿ ಅನ್ನೋ ಹಾಗೂ ಇಲ್ಲ ನಾನು. ಅದೂ ಕೇಳಿದಂಗೇ. ನೀವೇ ಅಲ್ವಾ ಬರ್ಸಿದ್ದು?”

ಅವರು ಹೋದ ಮೇಲೆ ನಾನು ಭಾವನ ಗಲ್ಲ ಒರೆಸಲು ಹೋದೆ. ಅವರು ಕಣ್ಣು ಮುಚ್ಚಿಕೊಂಡರು. ಅಕ್ಕ ನನ್ನ ಕೈಯಿಂದ ಟವೆಲ್ ತೆಗೆದುಕೊಂಡಳು.

ಮರುದಿನದಿಂದ ನನಗೆ ನಿದ್ದೆ ಬರಲಿಲ್ಲ, ಡೈರಿಯಲ್ಲಿ ಎರಡು ಸಲ ತಪ್ಪು ಅಂಕಿ ಬರೆದೆ. ಒಂದು ಭಾನುವಾರ ರಟ್ಟಿನ ಹಲಗೆಯ ಮೇಲೆ ದಪ್ಪ ಮಸಿಯಲ್ಲಿ ಅಕ್ಷರಗಳನ್ನು ಬರೆದೆ. ಮೇಲೆ ಸ್ವರ, ಕೆಳಗೆ ವ್ಯಂಜನ, ಪಕ್ಕದಲ್ಲಿ ಗುಣಿತದ ಗುರುತುಗಳು. ನಾನು ಬೆರಳು ಸರಿಸುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಭಾವ ರೆಪ್ಪೆ ಬಡಿಯುವುದು. ಮೊದಲ ದಿನ ಒಂದು ಪದಕ್ಕೆ ಅರ್ಧ ಗಂಟೆ ಹಿಡಿಯಿತು. ಆ ಪದ “ಕತ್ತೆ”. ನನ್ನನ್ನೇ ಅಂದದ್ದು. ಎರಡು ವರ್ಷಗಳಲ್ಲಿ ನಾವಿಬ್ಬರೂ ಅಷ್ಟು ನಕ್ಕಿರಲಿಲ್ಲ, ಅವರ ನಗು ಬರೀ ಕಣ್ಣಿನಲ್ಲಿ ಇದ್ದರೂ. ಆಮೇಲೆ ಅಕ್ಕನಿಗೆ ಒಂದು ಪದ ಹೇಳಿಸಿದರು, “ಉಪ್ಪು”. ಗಂಜಿಗೆ ಉಪ್ಪು ಕಡಿಮೆಯಾಗಿತ್ತಂತೆ. ಅಕ್ಕ ಹಲಗೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಎಲ್ಲಾ ಹೇಳ್ಬೋದಾ ಇದ್ರಲ್ಲಿ?” ಎಂದಳು. ಎಲ್ಲಾ ಹೇಳಬಹುದು ಎಂದೆ.

ಪಂಚಾಯಿತಿಗೆ ಅರ್ಜಿ ಕೊಟ್ಟೆ. ಬಾಯಿಂದ ಅಥವಾ ಅಕ್ಷರದ ಹಲಗೆಯಿಂದ ಎಂದು ತಿದ್ದಲು ಒಪ್ಪಿದರು. ನನ್ನ ಸಾಲನ್ನೂ ತೆಗೆದುಬಿಡೋಣವೇ ಎಂದು ಅಧ್ಯಕ್ಷರು ಕೇಳಿದರು. ಗಂಗಜ್ಜಿ ನನ್ನ ಮಣಿಕಟ್ಟು ಹಿಡಿದದ್ದು ನೆನಪಾಯಿತು. ಬೇಡ, ಇರಲಿ ಎಂದೆ. ಹಲಗೆ ಇದ್ದ ಮೇಲೆ ಆ ಸಾಲಿನಿಂದ ಭಾವನಿಗೇನು ತೊಂದರೆ ಎಂದುಕೊಂಡೆ.

ಗುಮಾಸ್ತರು ಮತ್ತೆ ಬಂದದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ. ಅಕ್ಕ ಅಂಗನವಾಡಿಗೆ ರಜೆ ಹಾಕಿದ್ದಳು. ಭಾವನಿಗೆ ಸ್ನಾನ ಮಾಡಿಸಿ, ಗಡ್ಡ ತೆಗೆದು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಳು. ನನಗೆ ಸಮಾಧಾನವಾಯಿತು. ಇಷ್ಟು ದಿನದ ಮೇಲೆ ಒಪ್ಪಿಕೊಂಡಿದ್ದಾಳೆ ಅನ್ನಿಸಿತು. ವೃಷಭೇಂದ್ರಯ್ಯ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದರು. ನಾನು ಹಲಗೆ ಎತ್ತಿ ಹಿಡಿದೆ. ಮೊಣಕೈಯನ್ನು ಮಂಚದ ಅಂಚಿಗೆ ಊರಿದೆ. ಬೆರಳು ಸರಿಸಿದೆ. ಭಾವ ರೆಪ್ಪೆ ಬಡಿದರು: ನ. ಗುಮಾಸ್ತರು ಬರೆದುಕೊಂಡರು. ಗುಣಿತಕ್ಕೆ ಹೋದೆ, ದೀರ್ಘಕ್ಕೆ ಬಡಿದರು. ಆಮೇಲೆ ಮತ್ತೆ ನ, ಕೊಂಬು. ನಾನು. ಭಾವನ ಹಣೆಯಲ್ಲಿ ಬೆವರು ಮೂಡಿತ್ತು. ಸಾಲುಗಳ ಮೇಲೆ ಮತ್ತೆ ಮೊದಲಿನಿಂದ ಬೆರಳು ಓಡಿಸಿದೆ. ಹ ಹತ್ತಿರ ಬಂತು.

“ರೀ,” ಎಂದಳು ಅಕ್ಕ. ಅಡುಗೆಮನೆಯ ಬಾಗಿಲಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಮಕ್ಕಳಿಗೆ ಪಾಠ ಹೇಳುವಾಗಿನಂತೆ ಬಿಡಿಸಿ ಹೇಳುವ ದನಿ. “ನಿಮಗೆ ಹೋಗ್ಬೇಕಾ?”

ನನ್ನ ಬೆರಳು ಹಲಗೆಯ ಮೇಲೆ ನಿಂತಿತು. ಗುಮಾಸ್ತರು ಪೆನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. “ಅಮ್ಮಾ, ನೀವು ಈಗ ಕೇಳಿದ್ದು...”

“ಹೌದು. ಕೇಳ್ದೆ.”

“ಗೊತ್ತಿಲ್ದೆ ಬಾಯಿಗೆ ಬಂದಿದ್ರೆ—”

“ಗೊತ್ತಿದೆ. ಇವನೇ ಓದಿ ಹೇಳಿದಾನೆ. ಒಂದು ವರ್ಷ. ಬರ್ಕೊಳ್ಳಿ.”

ಗುಮಾಸ್ತರು ನನ್ನ ಮುಖ ನೋಡಿದರು. ಕೇಳಲೇ ಇಲ್ಲ ಎಂದು ನಾನು ಹೇಳಬಹುದಿತ್ತು. ಗುಮಾಸ್ತರು ಒಳ್ಳೆಯ ಮನುಷ್ಯ, ಅವರೂ ಕಿವಿ ಮುಚ್ಚಿಕೊಳ್ಳುತ್ತಿದ್ದರೇನೋ. ಆದರೆ ಇವತ್ತು ಇಲ್ಲಿ ಕೇಳಿಸದ್ದು ನಾಳೆ ಎದುರುಮನೆಯಲ್ಲಿ ಶಿವಲಿಂಗು ಕೇಳಿದಾಗಲೂ ಕೇಳಿಸದೆ ಹೋಗಬಹುದು. ಹಲಗೆಯನ್ನು ಮಡಿಲಿಗೆ ಇಳಿಸಿದೆ. ಅವರು ತಾರೀಖು ಹಾಕಿ, ಅಕ್ಕನ ಹೆಸರು ಬರೆದು, ಪುಸ್ತಕ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

“ಯಾಕಕ್ಕ?” ಎಂದೆ.

“ನೀನು ಆ ಸಾಲನ್ನ ಗಂಗಜ್ಜಿಗೆ ಅಂತ ಬರ್ದೆ. ಅದ್ರ ಮೇಲೆ ಅವಳ ಹೆಸ್ರೇನೂ ಬರ್ದಿಲ್ವಲ್ಲ.” ಬಟ್ಟಲು ಹಿಡಿದು ಮಂಚದ ತುದಿಗೆ ಬಂದು ಕೂತಳು. “ಅವರಿಗೆ ನೋವಿದೆ, ನಂಗೊತ್ತು. ನಾನು ಮಾಡಿದ್ದು ಸರಿ ಅಂತ ನಾನೇನೂ ಹೇಳ್ತಿಲ್ಲ.”

ಅವಳ ಮೇಲೆ ಕೂಗಾಡಬೇಕೆನ್ನಿಸಿತು. ಭಾವ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಏನಿತ್ತು ಎಂದು ಹೇಳಲಾರೆ. ಕಣ್ಣಿನ ಸುತ್ತಲಿನ ಸ್ನಾಯುಗಳೂ ಅಷ್ಟೊತ್ತಿಗೆ ಸೋತಿದ್ದವು. ಅಕ್ಕ ಚಮಚ ತುಂಬಿ ತುಟಿಗೆ ಹಿಡಿದಳು. ಅವರು ಬಾಯಿ ತೆರೆಯಲಿಲ್ಲ. ಚಮಚ ಅಲ್ಲೇ ಇತ್ತು, ಅವಳ ಕೈಯೂ ಕದಲಲಿಲ್ಲ. ಹಸಿದರೂ ನಮ್ಮೂರಿನಲ್ಲಿ ಯಾರೂ ಸಾಯುವುದಿಲ್ಲ, ಬರೀ ಹಸಿವಾಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಅವರು ಬಾಯಿ ಸಡಿಲಿಸಿದರು. ನುಂಗಿದರು. ಆಮೇಲೆ ಕಣ್ಣನ್ನು ನನ್ನ ಮಡಿಲಲ್ಲಿದ್ದ ಹಲಗೆಯ ಕಡೆಗೆ ತಿರುಗಿಸಿದರು.

ಎತ್ತಿ ಹಿಡಿದೆ. ಸ್ವರಗಳಲ್ಲಿ ಎ ಬಂದಾಗ ರೆಪ್ಪೆ ಬಡಿದರು. ಆಮೇಲೆ ಣ, ಅದಕ್ಕೆ ಗುಡಿಸು. ಸ, ಅದಕ್ಕೆ ಕೊಂಬು. ಅಷ್ಟಕ್ಕೇ ನಿಲ್ಲಿಸಿದರು.

“ಏನಂತೆ?” ಎಂದಳು ಅಕ್ಕ.

“ಎಣಿಸು ಅಂತ. ಇವತ್ತಿಂದ ವರ್ಷ ತುಂಬೋವರೆಗೆ ದಿನ ಎಣಿಸು ಅಂತ ನನಗೆ ಹೇಳ್ತಿದಾರೆ.”

ಅಕ್ಕ ಬಟ್ಟಲಿನ ಅಂಚಿಗೆ ಚಮಚ ಒರೆಸಿ, ಎರಡನೆಯ ಸಲ ತುಂಬಿದಳು. “ಎಣಿಸು,” ಎಂದಳು. “ನಾನೂ ಎಣಿಸ್ತೀನಿ.”